ಗರ್ಭಕೋಶದ ಆಕಾರ ಬೇರೆಯಿದ್ದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಗರ್ಭಕೋಶ ಹುಟ್ಟಿನಿಂದಲೇ ಬೇರೆ ಆಕಾರದಲ್ಲಿದೆ ಎಂದು ತಿಳಿದವರ, ಅದರಿಂದಲೇ ಗರ್ಭ ನಿಲ್ಲಲಿಲ್ಲವೇನೋ ಎಂದು ಕೊರಗುತ್ತಿರುವವರ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು, ಊರು ಬಿಟ್ಟಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಒಂದು ಮಾತು ಹಾಗೆಯೇ ಮರುಕಳಿಸುತ್ತದೆ: "ಗರ್ಭಕೋಶ ಸರಿಯಿಲ್ಲ ಅಂದರು." ಈ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಆಕಾರ, ಎಷ್ಟು ಮಿಲಿಮೀಟರ್, ಯಾವ ಪರೀಕ್ಷೆಯಲ್ಲಿ ಕಂಡಿತು ಎನ್ನುವುದು ಗೊತ್ತಾದ ಮೇಲಷ್ಟೇ ಚಿಕಿತ್ಸೆಯ ಮಾತು ಶುರುವಾಗಬೇಕು.

ಪ್ರಶ್ನೆ: ಎಂಟನೇ ವಾರದಲ್ಲಿ ಒಮ್ಮೆ, ಒಂಬತ್ತನೇ ವಾರದಲ್ಲಿ ಒಮ್ಮೆ ಗರ್ಭಪಾತವಾಗಿದೆ. ಎಚ್‌ಎಸ್‌ಜಿ ರಿಪೋರ್ಟಿನಲ್ಲಿ 'ಬೈಕಾರ್ನುಯೇಟ್' ಎಂದು ಬರೆದಿದ್ದಾರೆ. ಇನ್ನೊಬ್ಬ ವೈದ್ಯರು ಅದೇ ಫಿಲ್ಮ್ ನೋಡಿ 'ಸೆಪ್ಟಮ್ ಇದ್ದ ಹಾಗಿದೆ' ಎಂದರು. ಯಾರ ಮಾತು ಸರಿ?

ಉತ್ತರ: ಆ ಫಿಲ್ಮ್ ಒಂದನ್ನೇ ಇಟ್ಟುಕೊಂಡು ಯಾರೂ ಹೇಳಲಾರರು. ಎಚ್‌ಎಸ್‌ಜಿಯಲ್ಲಿ ಎಕ್ಸ್‌ರೇಗೆ ಕಾಣುವ ದ್ರವವನ್ನು ಗರ್ಭಕೋಶದೊಳಗೆ ತುಂಬುತ್ತಾರೆ. ಫಿಲ್ಮಿನಲ್ಲಿ ಮೂಡುವುದು ಒಳಗಿನ ಜಾಗದ ನೆರಳು ಮಾತ್ರ. ಅಂಡನಾಳಗಳು ತೆರೆದಿವೆಯೇ ಎಂದು ನೋಡಲು ಅದು ಒಳ್ಳೆಯ ಪರೀಕ್ಷೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಗರ್ಭಕೋಶದ ಹೊರಮೈಯಲ್ಲಿ, ಅದು ಎಚ್‌ಎಸ್‌ಜಿಯಲ್ಲಿ ಕಾಣುವುದೇ ಇಲ್ಲ.

ಹೆಣ್ಣು ಭ್ರೂಣದಲ್ಲಿ ಗರ್ಭಕೋಶ ಮೊದಲು ಎರಡು ಕೊಳವೆಗಳಾಗಿರುತ್ತದೆ. ಎಡದ್ದೂ ಬಲದ್ದೂ ಕೆಳಗಿನಿಂದ ಕೂಡಿಕೊಂಡು ಒಂದಾಗುತ್ತವೆ, ಆಮೇಲೆ ನಡುವೆ ಉಳಿದ ಗೋಡೆ ಕರಗುತ್ತದೆ. ಕೂಡಿಕೊಂಡು, ಗೋಡೆ ಮಾತ್ರ ಕರಗದೆ ಉಳಿದರೆ ಅದು ಸೆಪ್ಟೇಟ್: ಹೊರಗಿನಿಂದ ನೋಡಿದರೆ ಸಾಮಾನ್ಯ ಗರ್ಭಕೋಶ, ಒಳಗೆ ತಡಿಕೆ, ಅದೇ ಸೆಪ್ಟಮ್. ಮೇಲ್ಭಾಗ ಕೂಡಿಕೊಳ್ಳದೆ ಉಳಿದರೆ ಬೈಕಾರ್ನುಯೇಟ್: ಹೊರಗಿನಿಂದಲೂ ಕವಲು ಕಾಣುತ್ತದೆ, ಎರಡು ಕೊಂಬಿನ ಹಾಗೆ. ಅಮೆರಿಕದ ಸಂತಾನ ವೈದ್ಯಕೀಯ ಸಂಘ 2021ರಲ್ಲಿ ಪರಿಷ್ಕರಿಸಿದ ವರ್ಗೀಕರಣದಲ್ಲಿ ಹೊರಮೈಯ ತಗ್ಗು 1 ಸೆಂಟಿಮೀಟರ್‌ಗಿಂತ ಹೆಚ್ಚಿದ್ದರೆ ಬೈಕಾರ್ನುಯೇಟ್. ಹೊರಮೈ ಸಮವಾಗಿದ್ದು ಒಳಗಿನ ಗೋಡೆ 1 ಸೆಂಟಿಮೀಟರ್‌ಗಿಂತ ಉದ್ದವಿದ್ದು ಅದರ ತುದಿಯ ಕೋನ 90 ಡಿಗ್ರಿಗಿಂತ ಕಡಿಮೆಯಿದ್ದರೆ ಸೆಪ್ಟೇಟ್.

ಇದು ಬರೀ ಹೆಸರಿನ ಜಗಳವಲ್ಲ. ಸೆಪ್ಟಮ್ ಎಂದುಕೊಂಡು ಬೈಕಾರ್ನುಯೇಟ್ ಗರ್ಭಕೋಶದ ನಡುಭಾಗವನ್ನು ಒಳಗಿನಿಂದ ಕತ್ತರಿಸಿದರೆ ಕತ್ತರಿ ನೇರ ಹೊಟ್ಟೆಯೊಳಕ್ಕೆ ತೂರುತ್ತದೆ.

ಈಗ ಕೇಳಬೇಕಾದ ಪರೀಕ್ಷೆ ಯೋನಿಯ ಮೂಲಕ ಮಾಡುವ ತ್ರೀ-ಡಿ ಅಲ್ಟ್ರಾಸೌಂಡ್. ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ, 28 ದಿನಗಳ ಚಕ್ರವಾದರೆ 16ರಿಂದ 26ನೇ ದಿನದೊಳಗೆ ಮಾಡಿಸಿ. ಆಗ ಒಳಪದರ ದಪ್ಪಗಿದ್ದು ಜಾಗದ ಅಂಚು ಸ್ಪಷ್ಟವಾಗಿ ಮೂಡುತ್ತದೆ. ಆ ತಿಂಗಳು ಗರ್ಭ ನಿಂತಿರುವ ಸಾಧ್ಯತೆಯಿದ್ದರೆ ಮೊದಲೇ ತಿಳಿಸಿ. ರಿಪೋರ್ಟಿನಲ್ಲಿ 'ಕೊರೋನಲ್ ವ್ಯೂ' (ಗರ್ಭಕೋಶವನ್ನು ಎದುರಿನಿಂದ ನೋಡಿದ ಹಾಗೆ ತೋರಿಸುವ) ಚಿತ್ರ, ಗೋಡೆಯ ಉದ್ದ, ಹೊರಮೈಯ ತಗ್ಗಿನ ಆಳ, ಮೇಲ್ಗೋಡೆಯ ದಪ್ಪ, ಗರ್ಭಕಂಠ ಒಂದೋ ಎರಡೋ ಎನ್ನುವುದು ಇರಲೇಬೇಕೆಂದು ಕೇಳಿ. ಅದರಲ್ಲೂ ತಿಳಿಯದಿದ್ದರೆ ಎಂಆರ್‌ಐ. ಜೊತೆಗೆ ಒಮ್ಮೆ ಮೂತ್ರಪಿಂಡಗಳ ಸ್ಕ್ಯಾನ್ ಮಾಡಿಸಿ: ಭ್ರೂಣದಲ್ಲಿ ಗರ್ಭಕೋಶ ಮತ್ತು ಮೂತ್ರಾಂಗ ಅಕ್ಕಪಕ್ಕ ಬೆಳೆಯುವುದರಿಂದ ಒಂದರಲ್ಲಿ ವ್ಯತ್ಯಾಸವಿದ್ದರೆ ಇನ್ನೊಂದರಲ್ಲೂ ಇರಬಹುದು. ಒಂದೇ ಮೂತ್ರಪಿಂಡ ಇರುವುದು ಬಸಿರಿಗೆ ಮೊದಲೇ ತಿಳಿದರೆ ರಕ್ತದೊತ್ತಡದ ಮೇಲೆ ಕಣ್ಣಿಡಬಹುದು.

ಇನ್ನೊಂದು ಮಾತು. ಆಕಾರದಲ್ಲಿ ವ್ಯತ್ಯಾಸ ಕಂಡ ಕೂಡಲೇ ಹುಡುಕಾಟ ನಿಲ್ಲಿಸುವುದು ನಾವು ಪದೇಪದೇ ಕಾಣುವ ತಪ್ಪು. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ದೋಷ ಕಾರಣ. ಎರಡು ಸಲ ಆಗಿರುವುದರಿಂದ ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆಯನ್ನೂ ಮಾಡಿಸಿ. ಪ್ರತಿಕಾಯ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಖಚಿತವಾದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಎಂಬ ನೇರ ಚಿಕಿತ್ಸೆ ಇದೆ. ಇದನ್ನು ತಪ್ಪಿಸಿಕೊಂಡು ಗೋಡೆ ಮಾತ್ರ ತೆಗೆಸಿದರೆ ಮತ್ತೊಂದು ಗರ್ಭ ಅನ್ಯಾಯವಾಗಿ ಹೋಗಬಹುದು.

ಪ್ರಶ್ನೆ: ತ್ರೀ-ಡಿ ಸ್ಕ್ಯಾನಿನಲ್ಲಿ 18 ಮಿಲಿಮೀಟರ್ ಸೆಪ್ಟಮ್ ಖಚಿತವಾಗಿದೆ. ವಯಸ್ಸು 31, ಎರಡು ಗರ್ಭಪಾತ. ಕತ್ತರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: 'ಎಲ್ಲ ಸರಿಹೋಗುತ್ತದೆ' ಎಂದು ಯಾರೂ ಭರವಸೆ ಕೊಡುವಂತಿಲ್ಲ. ಸೆಪ್ಟಮ್ ಇರುವವರಲ್ಲಿ ಬೇಗನೆ ಗರ್ಭಪಾತವಾಗುವ ಸಂಭವ ಹೆಚ್ಚು, ಅದು ನಿಜ. ಗೋಡೆ ತೆಗೆಸಿದ ಮೇಲೆ ಗರ್ಭಪಾತ ಕಡಿಮೆಯಾಯಿತು ಎಂದು ಹೇಳುವ ವರದಿಗಳೂ ಬಹಳ. ಆದರೆ ಅವುಗಳಲ್ಲಿ ಹೆಚ್ಚಿನವು ಅದೇ ಮಹಿಳೆಯ ಹಿಂದಿನ ಮತ್ತು ಮುಂದಿನ ಬಸಿರನ್ನು ಹೋಲಿಸಿದವು. ಎರಡು ಸಲ ಕಳೆದುಕೊಂಡವರಲ್ಲಿ ಅನೇಕರಿಗೆ ಏನೂ ಮಾಡದಿದ್ದರೂ ಮುಂದಿನ ಸಲ ಗರ್ಭ ನಿಲ್ಲುತ್ತದೆ, ಹಾಗಾಗಿ ಆ ಹೋಲಿಕೆ ಶಸ್ತ್ರಚಿಕಿತ್ಸೆಯ ಪರವಾಗಿಯೇ ವಾಲುತ್ತದೆ. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಪರೀಕ್ಷಿಸಿದ ಟ್ರಸ್ಟ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಗೋಡೆ ತೆಗೆಸಿದ 39 ಮಂದಿಯಲ್ಲಿ 12 ಮಂದಿಗೆ, ಅಂದರೆ ಶೇ. 31ರಷ್ಟು ಜನರಿಗೆ, ಜೀವಂತ ಮಗು ಹುಟ್ಟಿತು. ಏನೂ ಮಾಡದೆ ಕಾದ 40 ಮಂದಿಯಲ್ಲಿ 14 ಮಂದಿಗೆ, ಅಂದರೆ ಶೇ. 35ರಷ್ಟು. ಅಧ್ಯಯನ ಚಿಕ್ಕದು, ಬೇರೆಬೇರೆ ತೊಂದರೆಯವರು ಅದರಲ್ಲಿ ಸೇರಿದ್ದರು, ಆದ್ದರಿಂದ ಅದೇ ಕೊನೆಯ ಮಾತಲ್ಲ. ಆದರೂ 'ಕಂಡ ಸೆಪ್ಟಮನ್ನೆಲ್ಲ ಕತ್ತರಿಸಿ' ಎನ್ನುವ ಕಾಲ ಹೋಯಿತು.

ನಮ್ಮ ಅಭಿಪ್ರಾಯ ಕೇಳುವುದಾದರೆ: ಗರ್ಭಪಾತವೇ ಆಗದ, ಇನ್ನೂ ಪ್ರಯತ್ನವನ್ನೇ ಶುರು ಮಾಡದ ಮಹಿಳೆಗೆ ಅವಸರವಿಲ್ಲ. ನಿಮ್ಮ ಹಾಗೆ ಎರಡು ಸಲ ಕಳೆದುಕೊಂಡು, ಬೇರೆ ಕಾರಣಗಳೆಲ್ಲ ಇಲ್ಲವೆಂದು ಆದ ಮೇಲೆ, ಅನುಭವಿ ಕೈಯಲ್ಲಿ ಮಾಡಿಸಿಕೊಳ್ಳುವುದು ಒಪ್ಪತಕ್ಕ ಆಯ್ಕೆ. ಕಾಯುವುದೂ ಒಪ್ಪತಕ್ಕದ್ದೇ. ಕಾಯುತ್ತೇನೆ ಎಂದವರಿಗೆ 'ಹಾಗಾದರೆ ಹೋದದ್ದಕ್ಕೆ ನೀವೇ ಹೊಣೆ' ಎನ್ನುವ ಧ್ವನಿ ಬರಬಾರದು.

ಮಾಡಿಸುವುದಾದರೆ ಏನು ನಡೆಯುತ್ತದೆ ಎಂದು ತಿಳಿದಿರಲಿ. ಮುಟ್ಟು ನಿಂತ ಕೂಡಲೇ, ಒಳಪದರ ತೆಳ್ಳಗಿರುವ ದಿನಗಳಲ್ಲಿ ಮಾಡುತ್ತಾರೆ. ಹೊಟ್ಟೆ ಕುಯ್ಯುವುದಿಲ್ಲ. ಗರ್ಭಕಂಠದ ಮೂಲಕ ಸಣ್ಣ ಕ್ಯಾಮೆರಾ ಒಳಗೆ ಹೋಗುತ್ತದೆ, ಸಲೈನ್ ಬಿಟ್ಟು ಗರ್ಭಕೋಶವನ್ನು ಅರಳಿಸುತ್ತಾರೆ, ಸಣ್ಣ ಕತ್ತರಿಯಿಂದ ಅಥವಾ ಬೈಪೋಲಾರ್ ವಿದ್ಯುತ್ ಉಪಕರಣದಿಂದ ಗೋಡೆಯನ್ನು ನಡುವಿನಲ್ಲಿ ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತ ಹೋಗುತ್ತಾರೆ. ಗೋಡೆಯನ್ನು ಕಿತ್ತು ಹೊರತೆಗೆಯುವ ಅಗತ್ಯವಿಲ್ಲ, ಬಿಡಿಸಿದರೆ ಎರಡೂ ಅಂಚು ತಾವಾಗಿ ಹಿಂದೆ ಸರಿಯುತ್ತವೆ. ಎರಡೂ ಅಂಡನಾಳಗಳ ಬಾಯಿ ಒಂದೇ ನೋಟಕ್ಕೆ ಕಂಡಾಗ, ಅಥವಾ ಸ್ನಾಯುವಿನಿಂದ ರಕ್ತ ಜಿನುಗಲು ತೊಡಗಿದಾಗ ನಿಲ್ಲಿಸಬೇಕು. 1 ಸೆಂಟಿಮೀಟರ್‌ಗಿಂತ ಕಡಿಮೆ ಉಳಿದರೆ ಚಿಂತೆಯಿಲ್ಲ. ಪೂರ್ತಿ ಸಮ ಮಾಡುವ ಹಟಕ್ಕೆ ಬಿದ್ದು ಸ್ನಾಯುವಿನೊಳಕ್ಕೆ ಹೋದಾಗಲೇ ಮೇಲ್ಗೋಡೆ ತೆಳುವಾಗುವುದು, ತೂತಾಗುವುದು. ಅದಕ್ಕೇ ಹೊಟ್ಟೆಯ ಮೇಲಿನಿಂದ ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾ ಮಾಡುವುದು ಒಳ್ಳೆಯದು. ಇನ್ನೊಂದು ಅಪಾಯ, ಒಳಗೆ ಬಿಟ್ಟ ದ್ರವ ರಕ್ತಕ್ಕೆ ಸೇರುವುದು. ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ಇಡುತ್ತಾರೆ, ಆರೋಗ್ಯವಂತರಲ್ಲಿ ಸಲೈನಿನ ವ್ಯತ್ಯಾಸ 2,500 ಮಿಲಿಲೀಟರ್ ಮುಟ್ಟಿದರೆ ನಿಲ್ಲಿಸಲೇಬೇಕು.

ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಕೆಲವು ದಿನ ಸ್ವಲ್ಪ ರಕ್ತಸ್ರಾವ, ಮುಟ್ಟಿನಂಥ ನೋವು ಇರುತ್ತದೆ. ಜ್ವರ, ವಾಸನೆಯ ಸ್ರಾವ, ಹೊಟ್ಟೆ ಬಿಗಿದು ನೋವು ಏರುತ್ತಾ ಹೋದರೆ ಅಂದೇ ಆಸ್ಪತ್ರೆಗೆ ಹೋಗಿ. ಎರಡು ತಿಂಗಳೊಳಗೆ ಗಾಯ ಮಾಯುತ್ತದೆ, ಅಲ್ಲಿಯವರೆಗೆ ಗರ್ಭ ಬೇಡ. ಆಮೇಲೆ ಒಂದು ತ್ರೀ-ಡಿ ಸ್ಕ್ಯಾನ್ ಅಥವಾ ಕ್ಯಾಮೆರಾ ಪರೀಕ್ಷೆಯಲ್ಲಿ ಒಳಗೆ ಅಂಟು ಕಟ್ಟಿಲ್ಲವೆಂದು ನೋಡಿಕೊಳ್ಳಿ. ಈ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಗರ್ಭಕೋಶ ಒಡೆಯುವುದು ಅಪರೂಪ, ಆದರೂ ವರದಿಯಾಗಿದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯನ್ನು ಪಡೆದು ಹೆರಿಗೆಯ ಫೈಲಿನಲ್ಲಿ ಇಡಿ. ತೂತಾಗಿತ್ತು ಎಂದಿದ್ದರೆ ಅದನ್ನು ಹೆರಿಗೆ ವೈದ್ಯರು ಓದಲೇಬೇಕು.

ಪ್ರಶ್ನೆ: ರಿಪೋರ್ಟಿನಲ್ಲಿ 'ಆರ್ಕುಯೇಟ್' ಎಂದಿದೆ. ನಿದ್ದೆ ಬರುತ್ತಿಲ್ಲ.

ಉತ್ತರ: ಮೇಲ್ಭಾಗ ಒಳಗಡೆ ಸ್ವಲ್ಪ ಬಾಗಿದೆ ಎಂದಷ್ಟೇ ಅರ್ಥ. ಮೂಗು ತುಸು ಬಾಗಿರುವ ಹಾಗೆ ಇದನ್ನೂ ಸಹಜ ವ್ಯತ್ಯಾಸವೆಂದೇ ಎಣಿಸುತ್ತಾರೆ. ಶಸ್ತ್ರಚಿಕಿತ್ಸೆ ಬೇಡ. ಗರ್ಭ ನಿಲ್ಲದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಿಸಿ.

ಪ್ರಶ್ನೆ: ನನ್ನದು ಯುನಿಕಾರ್ನುಯೇಟ್, ಬಲಗಡೆ ಮಾತ್ರ ಬೆಳೆದಿದೆ. ಎಡಗಡೆಯ ಅಂಡಾಶಯದಿಂದ ಅಂಡ ಬಂದ ತಿಂಗಳು ವ್ಯರ್ಥವೇ? ಎಡಕ್ಕೆ 'ರುಡಿಮೆಂಟರಿ ಹಾರ್ನ್' ಇದೆ ಎಂದೂ ಬರೆದಿದ್ದಾರೆ.

ಉತ್ತರ: ಆ ತಿಂಗಳು ಪೂರ್ತಿ ವ್ಯರ್ಥವಲ್ಲ. ಅಂಡಾಶಯ ಗರ್ಭಕೋಶಕ್ಕಿಂತ ಬೇರೆ ಮೂಲದಿಂದ ಹುಟ್ಟುತ್ತದೆ, ಹಾಗಾಗಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಅಂಡನಾಳದ ತುದಿ ಅಂಡಾಶಯಕ್ಕೆ ಅಂಟಿಕೊಂಡಿರುವುದಿಲ್ಲ, ಹಿಂಭಾಗದ ಗುಂಡಿಯಲ್ಲಿ ಓಲಾಡುತ್ತಿರುತ್ತದೆ. ಎಡದ ಅಂಡವನ್ನು ಬಲದ ನಾಳ ಹಿಡಿದುಕೊಳ್ಳುವುದುಂಟು. ಆದ್ದರಿಂದ 'ಈ ತಿಂಗಳು ಎಡ' ಎಂದು ಸ್ಕ್ಯಾನಿನಲ್ಲಿ ಕಂಡರೂ ಪ್ರಯತ್ನ ಬಿಡಬೇಡಿ. ಅಂಡ ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನಗಳೇ ಗರ್ಭ ನಿಲ್ಲುವ ದಿನಗಳು, ಆಗ ಒಂದು ದಿನ ಬಿಟ್ಟು ಒಂದು ದಿನ ಸೇರಿದರೆ ಸಾಕು. ಮುಟ್ಟು ಏರುಪೇರಾದವರಿಗೆ, ಅಂಡ ಹೊರಬರುವ ಹೊತ್ತನ್ನು ಮೂತ್ರದಲ್ಲಿ ತೋರಿಸುವ ಎಲ್‌ಎಚ್ ಪಟ್ಟಿ ಉಪಯೋಗಕ್ಕೆ ಬರುತ್ತದೆ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಈಗಲೇ ಶುರು ಮಾಡಿ. 35 ವರ್ಷದೊಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳು ನೋಡಿ ತಜ್ಞರ ಬಳಿ ಹೋಗುವುದು ರೂಢಿ. ನಿಮಗೆ ಕಾರಣ ಮೊದಲೇ ಗೊತ್ತಿರುವುದರಿಂದ ಅಷ್ಟು ಕಾಯಬೇಕಿಲ್ಲ.

ಎರಡನೇ ಮಾತು ಹೆಚ್ಚು ಮುಖ್ಯ. ರುಡಿಮೆಂಟರಿ ಹಾರ್ನ್ ಎಂದರೆ ಪೂರ್ತಿ ಬೆಳೆಯದೆ ಉಳಿದ ಇನ್ನೊಂದು ಬದಿಯ ಕೊಂಬು. ಆ ಪುಟ್ಟ ಕೊಂಬಿನೊಳಗೆ ಒಳಪದರ ಇದೆಯೇ ಎಂದು ಎಂಆರ್‌ಐನಲ್ಲಿ ನೋಡಿಸಲೇಬೇಕು. ಒಳಪದರ ಇಲ್ಲದಿದ್ದರೆ ಅದು ಸುಮ್ಮನೆ ಒಂದು ಸ್ನಾಯುವಿನ ಗಂಟು, ಬಿಟ್ಟುಬಿಡಬಹುದು. ಒಳಪದರ ಇದ್ದು ಹೊರದಾರಿ ಇಲ್ಲದಿದ್ದರೆ ಪ್ರತಿ ತಿಂಗಳು ರಕ್ತ ಅಲ್ಲೇ ಕೂಡುತ್ತದೆ: ಒಂದೇ ಬದಿಗೆ ಕಿತ್ತು ತಿನ್ನುವ ನೋವು, ಎಂಡೊಮೆಟ್ರಿಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದು). ಹೊರದಾರಿ ಇಲ್ಲದ ಕೊಂಬಿನಲ್ಲೂ ಗರ್ಭ ಕೂರಬಲ್ಲದು, ಏಕೆಂದರೆ ವೀರ್ಯಾಣು ಬಲದ ನಾಳದಿಂದ ಹೊಟ್ಟೆಯೊಳಗೆ ಸಾಗಿ ಎಡದ ನಾಳ ಸೇರಬಹುದು. ಅಲ್ಲಿ ಬೆಳೆದ ಗರ್ಭ ಹೆಚ್ಚಾಗಿ ನಾಲ್ಕರಿಂದ ಆರನೇ ತಿಂಗಳಲ್ಲಿ ಕೊಂಬನ್ನು ಒಡೆಯುತ್ತದೆ, ಒಳಗೇ ರಕ್ತ ಹರಿದು ತಾಯಿಯ ಜೀವಕ್ಕೆ ಕುತ್ತು. ಅದಕ್ಕೇ ಒಳಪದರವಿರುವ ಕೊಂಬನ್ನು ಮತ್ತು ಆ ಬದಿಯ ನಾಳವನ್ನು ಬಸಿರಿಗೆ ಮೊದಲೇ ಲ್ಯಾಪರೋಸ್ಕೋಪಿಯಲ್ಲಿ ತೆಗೆಸಿಕೊಳ್ಳಿ ಎನ್ನುತ್ತೇವೆ. ಅಂಡಾಶಯವನ್ನು ಉಳಿಸುತ್ತಾರೆ. ಈ ಮಾತಿನಲ್ಲಿ ನಮಗೆ ಎರಡು ಮನಸ್ಸಿಲ್ಲ.

ಐವಿಎಫ್ ಮಾಡಿಸುವ ಸಂದರ್ಭ ಬಂದರೆ ಒಂದೇ ಭ್ರೂಣವನ್ನು ಇಡಿಸಿ. ಅರ್ಧ ಗರ್ಭಕೋಶದಲ್ಲಿ ಅವಳಿ ಎಂದರೆ ಬಹಳ ಮುಂಚಿನ ಹೆರಿಗೆಯನ್ನು ಕರೆದಂತೆ.

ಪ್ರಶ್ನೆ: ಡೈಡೆಲ್ಫಿಸ್, ಎರಡು ಗರ್ಭಕೋಶ, ಎರಡು ಗರ್ಭಕಂಠ. ಟ್ಯಾಂಪಾನ್ ಹಾಕಿದರೂ ರಕ್ತ ಹೊರಬರುತ್ತದೆ. ಈಗ ಏಳು ವಾರದ ಬಸುರಿ, ಸ್ವಲ್ಪ ರಕ್ತ ಕಾಣಿಸಿದೆ.

ಉತ್ತರ: ಟ್ಯಾಂಪಾನಿನ ಉತ್ತರ ಸುಲಭ. ಯೋನಿಯಲ್ಲೂ ಉದ್ದಕ್ಕೆ ಒಂದು ಗೋಡೆ ಇರಬೇಕು, ಒಂದು ಬದಿಗೆ ಹಾಕಿದ್ದು ಇನ್ನೊಂದು ಬದಿಯ ರಕ್ತವನ್ನು ಹಿಡಿಯಲಾರದು. ಸಂಗಕ್ಕೆ ನೋವು ಕೊಡುತ್ತಿದ್ದರೆ ಅಥವಾ ಹೆರಿಗೆಗೆ ಅಡ್ಡವಾಗುವಂತಿದ್ದರೆ ಮಾತ್ರ ಆ ಗೋಡೆಯನ್ನು ಬಿಡಿಸುತ್ತಾರೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಹೋದಾಗ ಎರಡರಿಂದಲೂ ಮಾದರಿ ತೆಗೆಯಲು ಹೇಳಿ.

ಈಗಿನ ರಕ್ತ ಖಾಲಿ ಇರುವ ಗರ್ಭಕೋಶದಿಂದಲೂ ಬಂದಿರಬಹುದು. ಬಸಿರಿನ ಹಾರ್ಮೋನಿಗೆ ಅದರ ಒಳಪದರವೂ ದಪ್ಪಗಾಗಿ ಕೆಲವೊಮ್ಮೆ ಕಳಚುತ್ತದೆ. ಹಾಗೆಂದು ಊಹೆಯ ಮೇಲೆ ಬಿಡಬೇಡಿ, ಯೋನಿ ಸ್ಕ್ಯಾನ್ ಮಾಡಿಸಿ. ಸ್ಕ್ಯಾನ್ ಮಾಡುವವರಿಗೆ 'ನನಗೆ ಎರಡು ಇವೆ' ಎಂದು ಮೊದಲೇ ಹೇಳಿ. ಖಾಲಿಯಿದ್ದದ್ದನ್ನು ಮಾತ್ರ ನೋಡಿ 'ಗರ್ಭವಿಲ್ಲ' ಎಂದು ಬರೆಯುವ ತಪ್ಪು ಆಗುತ್ತದೆ. ಹಿಂದೆ ಗರ್ಭಪಾತವಾಗಿದ್ದು ಈಗ ರಕ್ತ ಕಾಣಿಸಿದವರಿಗೆ ಪ್ರೊಜೆಸ್ಟರಾನ್ 400 ಮಿಲಿಗ್ರಾಂ ದಿನಕ್ಕೆರಡು ಸಲ ಯೋನಿಯಲ್ಲಿ ಇಡುವುದರಿಂದ ಸ್ವಲ್ಪ ಪ್ರಯೋಜನವಿದೆ, ನಿಮ್ಮ ವೈದ್ಯರನ್ನು ಕೇಳಿ. ಮಲಗಿಯೇ ಇರುವುದರಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಸೆಪ್ಟೇಟ್ ಗರ್ಭಕೋಶ. ಒಂಬತ್ತನೇ ವಾರದ ಸ್ಕ್ಯಾನಿನಲ್ಲಿ ಹೃದಯಬಡಿತ ಇಲ್ಲ. ನಾಳೆಯೇ ಕ್ಲೀನ್ ಮಾಡಿಸಿ ಎನ್ನುತ್ತಿದ್ದಾರೆ. ಅವಸರವೇ?

ಉತ್ತರ: ಹೆಚ್ಚು ರಕ್ತ ಹೋಗದೆ, ಜ್ವರವಿಲ್ಲದೆ ಇದ್ದರೆ ನಾಳೆಯೇ ಆಗಬೇಕೆಂದಿಲ್ಲ. ಮೊದಲು ಖಚಿತವಾಗಲಿ. ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಹೆಚ್ಚಿದ್ದು ಬಡಿತವಿಲ್ಲ, ಅಥವಾ ಗರ್ಭಚೀಲದ ಸರಾಸರಿ ಅಳತೆ 25 ಮಿಲಿಮೀಟರ್ ಅಥವಾ ಹೆಚ್ಚಿದ್ದು ಭ್ರೂಣವಿಲ್ಲ ಎಂದರೆ ಮಾತ್ರ ಗರ್ಭ ಹೋಗಿದೆ ಎನ್ನಬಹುದು. ಅದಕ್ಕಿಂತ ಚಿಕ್ಕದಿದ್ದರೆ ಒಂದು ವಾರವಾದರೂ ಬಿಟ್ಟು ಮತ್ತೆ ನೋಡಬೇಕು. ಇನ್ನೊಬ್ಬರಿಂದಲೂ ನೋಡಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಖಚಿತವಾದ ಮೇಲೆ ಮೂರು ದಾರಿ. ತಾನಾಗಿ ಹೋಗಲೆಂದು ಒಂದೆರಡು ವಾರ ಕಾಯುವುದು ಮೊದಲನೆಯದು. ಎರಡನೆಯದು ವೈದ್ಯರ ನಿಗಾದಲ್ಲಿ ಮಾತ್ರೆ: ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ, ಒಂದೆರಡು ದಿನದ ಮೇಲೆ ಮಿಸೊಪ್ರೊಸ್ಟಾಲ್ 800 ಮೈಕ್ರೋಗ್ರಾಂ. ಮೂರನೆಯದು ಹೀರಿ ತೆಗೆಯುವುದು. ನಿಮ್ಮಂಥ ಗರ್ಭಕೋಶದಲ್ಲಿ ಮೂರನೆಯದನ್ನು ಆರಿಸಿದರೆ ಎರಡು ಷರತ್ತು ಹಾಕಿ. ಅಲ್ಟ್ರಾಸೌಂಡ್ ನೋಡುತ್ತಾ ಮಾಡಬೇಕು, ಇಲ್ಲದಿದ್ದರೆ ನಳಿಕೆ ಗರ್ಭವಿಲ್ಲದ ಬದಿಗೆ ಹೋಗಿ, ಮುಗಿಯಿತು ಎಂದುಕೊಂಡು ಹೊರಬರುತ್ತಾರೆ. ಮತ್ತು ಚೂಪು ಕ್ಯುರೆಟ್ಟಿನಿಂದ ಕೆರೆಯದೆ ಹೀರುನಳಿಕೆಯಿಂದ ಮಾಡಬೇಕು. ಕೆರೆದಷ್ಟೂ ಒಳಪದರಕ್ಕೆ ಗಾಯ, ಆಮೇಲೆ ಅಂಟು. ಗರ್ಭ ಮುಚ್ಚಿದ ಕೊಂಬಿನಲ್ಲಿದೆ ಎಂಬ ಅನುಮಾನವಿದ್ದವರಿಗೆ ಮಾತ್ರೆಯೂ ಬೇಡ, ಕಾಯುವುದೂ ಬೇಡ.

ಮನೆಯಲ್ಲಿ ಆಗುವಾಗ: ದೊಡ್ಡ ಪ್ಯಾಡು ಗಂಟೆಗೆ ಎರಡರಂತೆ ಎರಡು ಗಂಟೆ ಸತತ ತೊಯ್ದರೆ, ತಲೆ ಸುತ್ತಿದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಸ್ಪತ್ರೆಗೆ ಹೋಗಬೇಕು. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಕೇಳಿ, ಬೇಕಿದ್ದರೆ 72 ಗಂಟೆಯೊಳಗೆ. ಮೂರು ವಾರದ ಮೇಲೆ ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಿ, ಪಾಸಿಟಿವ್ ಇದ್ದರೆ ಮತ್ತೆ ತೋರಿಸಿ.

ಬೇಡುವುದಾದರೆ ಇನ್ನೂ ಒಂದನ್ನು ಬೇಡುತ್ತೇವೆ: ಅಂಗಾಂಶವನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಿ. ಫಾರ್ಮಲಿನ್‌ನಲ್ಲಿ ಹಾಕಿದರೆ ಆ ಪರೀಕ್ಷೆ ಕೆಡುತ್ತದೆ. ಶುದ್ಧ ಸಲೈನಿನಲ್ಲಿ ಹಾಕಬೇಕು, ಮೊದಲೇ ಹೇಳಿಟ್ಟಿರಬೇಕು. ಕ್ರೋಮೋಸೋಮ್ ದೋಷ ಎಂದು ಬಂದರೆ ಈ ಸಲದ ನಷ್ಟಕ್ಕೆ ಗೋಡೆಯ ಮೇಲೆ ಆರೋಪ ಹೊರಿಸಬೇಕಿಲ್ಲ.

ಪ್ರಶ್ನೆ: ಎರಡು ಸಲ ಡಿ ಅಂಡ್ ಸಿ (ಗರ್ಭಕೋಶವನ್ನು ಕೆರೆದು ಖಾಲಿ ಮಾಡುವುದು) ಆದ ಮೇಲೆ ಮುಟ್ಟು ಒಂದು ದಿನಕ್ಕೆ ಇಳಿದಿದೆ.

ಉತ್ತರ: ಒಳಗೆ ಅಂಟು ಕಟ್ಟಿರುವ ಸಾಧ್ಯತೆಯಿದೆ, ಇದಕ್ಕೆ ಆಶರ್‌ಮನ್ ಎನ್ನುತ್ತಾರೆ. ಹುಟ್ಟಿನಿಂದ ಬಂದದ್ದಲ್ಲ, ಗಾಯದ ಕಲೆ. ಮಾತ್ರೆ ಕೊಟ್ಟು ಮುಟ್ಟು ಬರಿಸಿ ಕಾಲ ಕಳೆಯಬೇಡಿ. ಹಿಸ್ಟೆರೋಸ್ಕೋಪಿಯಲ್ಲಿ, ಅಂದರೆ ಗರ್ಭಕಂಠದ ಮೂಲಕ ಹೋಗುವ ಕ್ಯಾಮೆರಾದಲ್ಲಿ ನೇರವಾಗಿ ನೋಡಿ, ಇದ್ದರೆ ಅಲ್ಲೇ ಬಿಡಿಸುತ್ತಾರೆ. ಮತ್ತೆ ಅಂಟುವುದು ಇದರ ಸ್ವಭಾವ, ಆದ್ದರಿಂದ ಕೆಲವು ವಾರದೊಳಗೆ ಎರಡನೇ ನೋಟ ಬೇಕಾಗಬಹುದು. ಮುಂದೆ ಗರ್ಭ ನಿಂತಾಗ ಮಾಸು ಎಲ್ಲಿ ಅಂಟಿದೆ ಎಂದು ಸ್ಕ್ಯಾನಿನಲ್ಲಿ ಗಮನವಿಟ್ಟು ನೋಡಲು ಹೇಳಿ, ಆಳಕ್ಕೆ ಬೇರೂರುವ ಸಂಭವ ಇಂಥವರಲ್ಲಿ ಹೆಚ್ಚು.

ಪ್ರಶ್ನೆ: ಬೈಕಾರ್ನುಯೇಟ್. ಇಪ್ಪತ್ತನೇ ವಾರದಲ್ಲಿ ನೋವೇ ಇಲ್ಲದೆ ಗರ್ಭಕೋಶದ ಬಾಯಿ ತೆರೆದು ಮಗು ಹೋಯಿತು. ಮೂರನೇ ದಿನ ಎದೆಯಲ್ಲಿ ಹಾಲು ಬಂತು. ಹಾಲು ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಉತ್ತರ: ಹೇಳಬೇಕಿತ್ತು. ಹದಿನಾರನೇ ವಾರದ ಸುಮಾರಿಗೇ ಎದೆ ಹಾಲಿಗೆ ಸಿದ್ಧವಾಗುತ್ತದೆ; ಮಾಸು ಹೊರಬಿದ್ದು ಪ್ರೊಜೆಸ್ಟರಾನ್ ಇಳಿದ ಎರಡು ಮೂರು ದಿನಕ್ಕೆ ಹಾಲು ಇಳಿಯುತ್ತದೆ. ಎತ್ತಿ ಹಿಡಿಯುವ, ಆದರೆ ಹಿಸುಕದ ಒಳಉಡುಪು, ತಣ್ಣನೆಯ ಪಟ್ಟಿ, ಪ್ಯಾರಾಸಿಟಮಾಲ್ ಸಾಕಾಗುತ್ತದೆ. ತಡೆಯಲಾರದಷ್ಟು ಬಿಗಿದರೆ ಹಗುರಾಗುವಷ್ಟು ಮಾತ್ರ ಹಿಂಡಿ. ಪೂರ್ತಿ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ. ಒಂದೆರಡು ವಾರದಲ್ಲಿ ಬತ್ತುತ್ತದೆ. ಹಾಲು ಬರುವ ಮೊದಲೇ ಕೊಡುವ ಕ್ಯಾಬರ್ಗೋಲಿನ್ 1 ಮಿಲಿಗ್ರಾಂ ಒಂದೇ ಸಲದ ಮಾತ್ರೆಯೂ ಇದೆ, ರಕ್ತದೊತ್ತಡ ಏರಿದವರಿಗೆ ಅದು ಸಲ್ಲದು. ಎದೆ ಕೆಂಪಾಗಿ ಜ್ವರ ಬಂದರೆ ತೋರಿಸಿ.

ಮುಂದಿನ ಸಲಕ್ಕೆ ಗರ್ಭಕಂಠದ ಮಾತು. ನೋವಿಲ್ಲದೆ ತೆರೆದುಕೊಂಡಿತು ಎಂದರೆ ಅದರ ಬಿಗಿ ಸಾಲದು. ದಾರಿ ಎರಡು. 12ರಿಂದ 14ನೇ ವಾರದಲ್ಲಿ ಮೊದಲೇ ಹೊಲಿಗೆ ಹಾಕುವುದು, ಅಥವಾ 16ನೇ ವಾರದಿಂದ 24ರವರೆಗೆ ವಾರ, ಎರಡು ವಾರಕ್ಕೊಮ್ಮೆ ಯೋನಿ ಸ್ಕ್ಯಾನಿನಲ್ಲಿ ಉದ್ದ ಅಳೆಯುತ್ತಾ ಹೋಗಿ 25 ಮಿಲಿಮೀಟರ್‌ಗಿಂತ ಇಳಿದ ಕೂಡಲೇ ಹಾಕುವುದು. ಅಳತೆಯನ್ನು ಹೊಟ್ಟೆಯ ಮೇಲಿನ ಸ್ಕ್ಯಾನಿನಲ್ಲಿ ಮಾಡಿದರೆ ನೆಚ್ಚುವಂತಿಲ್ಲ, ಮೂತ್ರಕೋಶ ತುಂಬಿದ್ದರೆ ಕಂಠ ಇರುವುದಕ್ಕಿಂತ ಉದ್ದ ಕಾಣುತ್ತದೆ. ರಾತ್ರಿ ಯೋನಿಯಲ್ಲಿಡುವ ಪ್ರೊಜೆಸ್ಟರಾನ್ 200 ಮಿಲಿಗ್ರಾಂ ಕೂಡ ಕಂಠ ಕಿರಿದಾದವರಿಗೆ ಕೊಡುತ್ತಾರೆ. ಹೊಲಿಗೆಯ ಒಂದು ವಿಧಾನಕ್ಕೆ ಮುಂಬಯಿಯ ವೈದ್ಯ ಶಿರೋಡ್ಕರ್ ಅವರ ಹೆಸರೇ ಇದೆ, 1955ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದಕ್ಕಿಂತ ಸರಳವಾದ, ಈಗ ಹೆಚ್ಚು ಬಳಕೆಯಲ್ಲಿರುವ ಮ್ಯಾಕ್‌ಡೊನಾಲ್ಡ್ ಹೊಲಿಗೆ ಚೀಲದ ಕಸೆಯನ್ನು ಬಿಗಿದ ಹಾಗೆ. 36, 37ನೇ ವಾರದಲ್ಲಿ ಬಿಚ್ಚುತ್ತಾರೆ. ಹೊಲಿಗೆ ಇದ್ದಾಗ ನೋವು ಬಂದರೆ ಅಥವಾ ನೀರು ಹೋದರೆ ಆ ಕ್ಷಣ ಆಸ್ಪತ್ರೆಗೆ ಹೋಗಬೇಕು, ಹೊಲಿಗೆಯ ಮೇಲೆ ನೋವು ಮುಂದುವರಿದರೆ ಕಂಠ ಹರಿಯುತ್ತದೆ. ಯೋನಿಯ ಮೂಲಕ ಹಾಕಿದ ಹೊಲಿಗೆ ಒಮ್ಮೆ ಸೋತವರಿಗೆ ಹೊಟ್ಟೆಯ ಮೂಲಕ ಮೇಲೆ ಹಾಕುವ ಹೊಲಿಗೆ ಇದೆ, ಅದಕ್ಕೆ ಸಿಸೇರಿಯನ್ ಹೆರಿಗೆಯೇ ಆಗಬೇಕು.

ಬೈಕಾರ್ನುಯೇಟ್ ಎಂದ ಮಾತ್ರಕ್ಕೆ ಎಲ್ಲರಿಗೂ ಹೊಲಿಗೆ ಬೇಡ. ನಿಮಗೆ ಬೇಕೆನ್ನುವುದಕ್ಕೆ ಆಧಾರ, ಇಪ್ಪತ್ತನೇ ವಾರದಲ್ಲಿ ನಡೆದದ್ದು.

ಪ್ರಶ್ನೆ: ಹೆಂಡತಿ 'ನನ್ನ ದೇಹವೇ ಮಗುವನ್ನು ಕೊಂದಿತು' ಎನ್ನುತ್ತಾಳೆ. ಮನೆಯವರು ಬೇಗ ಇನ್ನೊಂದು ಆಗಲಿ ಎನ್ನುತ್ತಾರೆ. ನಾನು ಏನು ಹೇಳಲಿ, ಏನು ಮಾಡಲಿ?

ಉತ್ತರ: ಆಕೆಯ ಮಾತನ್ನು ತಿದ್ದಲು ಅವಸರ ಮಾಡಬೇಡಿ. 'ಹಾಗೆ ಅನ್ನಬೇಡ' ಎಂದರೆ ಆ ಮಾತು ಒಳಗೇ ಉಳಿಯುತ್ತದೆ. ಪೂರ್ತಿ ಹೇಳಿಕೊಳ್ಳಲಿ. ಆಮೇಲೆ ನಿಜವಾದ ಸಂಗತಿ ಹೇಳಿ: ಈ ಆಕಾರ ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿ ನಾಲ್ಕೈದು ತಿಂಗಳ ಭ್ರೂಣವಾಗುವಷ್ಟರಲ್ಲೇ ಮೂಡಿದ್ದು. ಮೆಟ್ಟಿಲು ಹತ್ತಿದ್ದು, ಕೆಲಸಕ್ಕೆ ಹೋದದ್ದು, ಸಂಗ ಮಾಡಿದ್ದು, ಅತ್ತದ್ದು ಯಾವುದೂ ಗರ್ಭವನ್ನು ಬೀಳಿಸಿಲ್ಲ. ಈ ಮಾತನ್ನು ವೈದ್ಯರ ಬಾಯಿಂದ, ಮನೆಯವರ ಎದುರಿನಲ್ಲಿ ಹೇಳಿಸಿದರೆ ಇನ್ನೂ ಒಳ್ಳೆಯದು.

'ಹೇಗಿದ್ದೀಯ' ಎಂದು ಕೇಳುವುದಕ್ಕಿಂತ ಕೆಲಸಗಳನ್ನು ಎತ್ತಿಕೊಳ್ಳಿ. ಬಂದು ಹೋಗುವವರಿಗೆ ಉತ್ತರ ಹೇಳುವುದು, ಫೋನಿನಲ್ಲಿ ಬರುವ ಬಸಿರಿನ ಆಪ್ ಸೂಚನೆ ನಿಲ್ಲಿಸುವುದು, ರಿಪೋರ್ಟುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸುವುದು ನಿಮ್ಮ ಪಾಲಿಗಿರಲಿ. ಹೆರಿಗೆ ಆಗಬೇಕಿದ್ದ ದಿನಾಂಕವನ್ನು ನೆನಪಿಡಿ, ಆ ದಿನ ರಜೆ ಹಾಕಿ. ತಡವಾಗಿ ಕಳೆದುಕೊಂಡವರು ಮಗುವಿಗೆ ಹೆಸರಿಡಬಹುದು, ಪಾದದ ಅಚ್ಚು ಇಟ್ಟುಕೊಳ್ಳಬಹುದು; ಬೇಡವೆಂದರೆ ಬಿಡಬಹುದು. ನಿಮ್ಮ ದುಃಖವನ್ನೂ ಅಡಗಿಸಬೇಡಿ. ಗಂಡ ಅಳದಿದ್ದರೆ ತಾನೊಬ್ಬಳೇ ಕಳೆದುಕೊಂಡೆ ಎಂದು ಅನ್ನಿಸುವ ಹೆಂಡತಿಯರು ಬಹಳ.

ಎರಡು ವಾರ ದಾಟಿಯೂ ನಿದ್ದೆ ಊಟ ಕೆಟ್ಟಿದ್ದರೆ, ಆ ದೃಶ್ಯವೇ ಕಣ್ಣೆದುರು ಮರುಕಳಿಸುತ್ತಿದ್ದರೆ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಬಳಿ ಹೋಗಿ. ಬದುಕು ಬೇಡ ಎನ್ನುವ ಮಾತು ಬಂದರೆ ಅಂದೇ ಹೋಗಿ, ಒಬ್ಬಳನ್ನೇ ಬಿಡಬೇಡಿ.

'ಬೇಗ ಇನ್ನೊಂದು' ಎನ್ನುವವರಿಗೆ ನೀವೇ ಉತ್ತರಿಸಿ, ಆಕೆಯಿಂದ ಹೇಳಿಸಬೇಡಿ. ಬೇಗ ಆದ ಗರ್ಭಪಾತದ ಎರಡರಿಂದ ನಾಲ್ಕು ವಾರದಲ್ಲೇ ಅಂಡ ಬಿಡುಗಡೆಯಾಗಬಹುದು, ಆದ್ದರಿಂದ ತಯಾರಿಲ್ಲದಿದ್ದರೆ ಗರ್ಭನಿರೋಧಕ ಬಳಸಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕನಿಷ್ಠ ಆರು ತಿಂಗಳು ಕಾಯಿರಿ ಎಂದಿತ್ತು. ನಂತರದ ಅಧ್ಯಯನಗಳಲ್ಲಿ ಬೇಗ ಪ್ರಯತ್ನಿಸಿದವರಿಗೆ ಕೇಡು ಕಂಡಿಲ್ಲ. ಒಂದು ಮುಟ್ಟು ಕಳೆದರೆ ದಿನ ಎಣಿಸಲು ಅನುಕೂಲ, ಅಷ್ಟೆ. ಆದರೆ ನಿಮ್ಮಂಥವರು ಸ್ಕ್ಯಾನ್, ಪರೀಕ್ಷೆ ಮುಗಿಸಿ, ಬೇಕಿದ್ದ ಶಸ್ತ್ರಚಿಕಿತ್ಸೆ ಮಾಯ್ದು, ಇಬ್ಬರಿಗೂ ಮನಸ್ಸು ಬಂದ ಮೇಲೆ ಶುರು ಮಾಡಿ.

ಪ್ರಶ್ನೆ: ಮತ್ತೆ ಪಾಸಿಟಿವ್ ಬಂದಿದೆ. ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚು. ಯಾವಾಗ ಏನು ಮಾಡಿಸಬೇಕು?

ಉತ್ತರ: ಆರೂವರೆಯಿಂದ ಏಳನೇ ವಾರಕ್ಕೆ ಮೊದಲ ಸ್ಕ್ಯಾನ್. ಗರ್ಭ ಯಾವ ಬದಿಯಲ್ಲಿದೆ, ಕೊಂಬಿನ ಹೊರಗೋ ಒಳಗೋ, ಗೋಡೆಯ ಮೇಲೆ ಕೂತಿದೆಯೇ ಎಂದು ಬರೆಸಿಕೊಳ್ಳಿ. ಅದಕ್ಕಿಂತ ಮೊದಲೇ ಹೋದರೆ ಏನೂ ಕಾಣದೆ ಒಂದು ವಾರ ವೃಥಾ ನರಳುತ್ತೀರಿ. ಆದರೆ ಒಂದು ಬದಿಗೆ ತೀವ್ರ ನೋವು, ಹೆಗಲ ತುದಿಗೆ ನೋವು, ತಲೆಸುತ್ತು ಇದ್ದರೆ ಯಾವ ವಾರವಾದರೂ ಸರಿ, ಕಾಯಬೇಡಿ. 16ನೇ ವಾರದಿಂದ ಗರ್ಭಕಂಠದ ಅಳತೆ. 28ನೇ ವಾರದ ನಂತರ ಮಗುವಿನ ಬೆಳವಣಿಗೆಯ ಸ್ಕ್ಯಾನ್‌ಗಳು, ಜಾಗ ಕಡಿಮೆಯಿದ್ದಾಗ ತೂಕ ಹಿಂದೆ ಬೀಳಬಹುದು. 34ರಿಂದ 36ನೇ ವಾರದಲ್ಲಿ ತಲೆ ಎಲ್ಲಿದೆ ಎಂದು ನೋಡಿಸಿ. ತಿರುಗಲು ಜಾಗವಿಲ್ಲದೆ ಕುಂಡೆ ಕೆಳಗಾಗಿ ಕೂರುವ ಮಕ್ಕಳು ಇಂಥ ಗರ್ಭಕೋಶಗಳಲ್ಲಿ ಹೆಚ್ಚು. ಹೊರಗಿನಿಂದ ಒತ್ತಿ ತಿರುಗಿಸುವುದನ್ನು ಇಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ, ಸಿಸೇರಿಯನ್‌ಗೆ ಸಿದ್ಧರಾಗಿರಿ. ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಯಲ್ಲೇ ಹೆಸರು ನೋಂದಾಯಿಸಿ. 34 ವಾರಕ್ಕೆ ಮೊದಲು ಹೆರಿಗೆ ನೋವು ಕಂಡರೆ ಮಗುವಿನ ಶ್ವಾಸಕೋಶಕ್ಕೆ ಬಲ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಅದು ಪೂರ್ತಿ ಕೆಲಸ ಮಾಡಲು ಒಂದು ದಿನವಾದರೂ ಬೇಕು, ಆದ್ದರಿಂದ ಹೊಟ್ಟೆ ಲಯಬದ್ಧವಾಗಿ ಬಿಗಿಯುತ್ತಿದೆ ಎನ್ನಿಸಿದ ಮೊದಲ ಗಂಟೆಯಲ್ಲೇ ಫೋನ್ ಮಾಡಿ.